ಹನ್ನೊಂದು ಸೆಕೆಂಡಿನ ಉಳಿಕೆ

ಸಿದ್ದಗಂಗಮ್ಮ ಮಿಕ್ಸಿಯನ್ನು ಅಟ್ಟಕ್ಕೆ ಹಾಕಿಸಿ ವರ್ಷ ತುಂಬಲು ಇನ್ನು ಮೂರೇ ವಾರ ಉಳಿದಿತ್ತು. ಕಣ್ಣು ಪೂರ್ತಿ ಹೋಗಿದ್ದ ಆ ಎಪ್ಪತ್ತೆರಡರ ಹೆಂಗಸು ದಿನಾ ಬೆಳಗ್ಗೆ ಹಿತ್ತಿಲಲ್ಲಿ ಒರಳಿನ ಮುಂದೆ ಕೂತು, ತಡಕಿ ತಡಕಿ ಕಡ್ಲೆಕಾಯಿ ಚಟ್ನಿ ರುಬ್ಬುತ್ತಿದ್ದಳು. ಬೇಡ ಅತ್ತೆ, ಬೆರಳು ಜಜ್ಜಿಕೊಳ್ತೀರಿ ಎಂದು ಹೇಳಿ ಹೇಳಿ ಸೊಸೆ ದಾಕ್ಷಾಯಿಣಿಗೆ ಸಾಕಾಗಿತ್ತು. ಮಿಕ್ಸಿ ಯಾಕೆ ಅಟ್ಟ ಸೇರಿತೆಂಬುದು ಇಬ್ಬರಿಗೂ ಗೊತ್ತಿತ್ತು. ಆ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಮರುಳಸಿದ್ಧ ಕೊನೆಯ ಸಲ ಮನೆಯಿಂದ ಹೊರಟ ಬೆಳಗ್ಗೆ ಆ ಮಿಕ್ಸಿ ಓಡುತ್ತಿತ್ತು. ಅವನು ಸಿದ್ದಗಂಗಮ್ಮನ ಒಬ್ಬನೇ ಮಗ, ದಾಕ್ಷಾಯಿಣಿಯ ಗಂಡ, ಮಧುಗಿರಿ ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಆಪರೇಟರು. ಹುಟ್ಟಿನಿಂದ ತೊದಲು. ದಿನಾ ಬೆಳಗ್ಗೆ ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು “ಹೋ... ಹೋ...” ಎಂದು ಅವನು ಒದ್ದಾಡುವುದು, ಒಳಗಿನಿಂದ ದಾಕ್ಷಾಯಿಣಿ “ಹೂಂ, ಹೋಗ್ಬನ್ನಿ ಹೋಗ್ಬನ್ನಿ, ಬಸ್ಸು ಬಂತು” ಎಂದು ಅವನ ಮಾತನ್ನು ತಾನೇ ಮುಗಿಸಿಬಿಡುವುದು ಮದುವೆಯಾದಾಗಿನಿಂದ ನಡೆದುಬಂದಿತ್ತು. ಕೆಟ್ಟ ಮನಸ್ಸೇನೂ ಇಲ್ಲ, ಅವಳಿಗೂ ಕೆಲಸಕ್ಕೆ ಹೊತ್ತಾಗುತ್ತಿತ್ತು. ಆವತ್ತೂ ಹಾಗೇ ಮುಗಿಸಿ ಬಚ್ಚಲಿಗೆ ಹೋದಳು. ಆದರೆ ಆವತ್ತು ಅವನು ಕೂಡಲೇ ಹೊರಡಲಿಲ್ಲ. ಬಾಗಿಲಲ್ಲೇ ನಿಂತು ಇನ್ನೇನೋ ಹೇಳಿದ. ಅಡುಗೆಮನೆಯಲ್ಲಿದ್ದ ಸಿದ್ದಗಂಗಮ್ಮನಿಗೆ ಮಗನ ದನಿ ಕೇಳಿತು, ಮಿಕ್ಸಿಯ ಗದ್ದಲದಲ್ಲಿ ಮಾತು ಏನೆಂದು ತಿಳಿಯಲಿಲ್ಲ. ಹತ್ತೂವರೆಗೆ ಪಂಪ್‌ಹೌಸಿನ ಮೋಟರಿನ ಪಕ್ಕ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅವನಿಗೆ ನಲವತ್ತೊಂದು ವರ್ಷ.

“ಏನೋ ಹೇಳ್ದ ಕಣೆ,” ಎಂದು ಸಿದ್ದಗಂಗಮ್ಮ ಮೊದಲ ತಿಂಗಳೆಲ್ಲ ಹಲುಬಿದ್ದಳು. “ಎದೆ ನೋಯ್ತೈತೆ ಅಂದ್ನೋ, ಸಂಜಿಕೆ ಏನಾರ ತರ್ಬೇಕಾ ಅಂದ್ನೋ. ಆ ಹಾಳು ಮಿಕ್ಸಿ ಆರ್ಸಿ ಏನಪ್ಪಾ ಅಂತ ಕೇಳ್ಬಾರ್ದಾಗಿತ್ತಾ ನಾನು?”

ಆ ಮಾತು ಎಲ್ಲೂ ಕಳೆದುಹೋಗಿಲ್ಲ ಎಂಬುದೊಂದೇ ಇಬ್ಬರಿಗೂ ಇದ್ದ ಧೈರ್ಯ. ಈಗಿನ ಎಲ್ಲ ಮನೆಗಳ ಹಾಗೆ ಅವರ ಬಾಗಿಲ ಮೇಲೂ ಒಂದು ‘ಕಿವಿ’ ಇತ್ತು. ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ಮನೆಯವರ ಮಾತು ಕೇಳಿಸಿಕೊಂಡು, ಯಾರ ದನಿ ಯಾವುದೆಂದು ಬೇರೆ ಬೇರೆ ಮಾಡಿ, ಮಧುಗಿರಿ ಬೆಟ್ಟದ ಬುಡ ಕೊರೆದು ಕಟ್ಟಿದ ದನಿಭಂಡಾರಕ್ಕೆ ಕಳಿಸುವುದು, ಬೇಕೆಂದಾಗ ಅಲ್ಲಿಂದ ತರಿಸಿ ಕೇಳಿಸುವುದು ಅದರ ಕೆಲಸ. ಶುರುವಿನಲ್ಲಿ ಜನ ಕೂಗಾಡಿದರು, ನಮ್ಮ ಮನೆ ಜಗಳ ಸರ್ಕಾರಕ್ಕೆ ಯಾಕೆ ಎಂದರು. ಸತ್ತ ಅಪ್ಪನ ಗೊಣಗಾಟವನ್ನೋ ಸತ್ತ ಅಜ್ಜಿಯ ಬೈಗುಳವನ್ನೋ ಒಂದು ಸಲ ಕೇಳಿದ ಮೇಲೆ ತೆಪ್ಪಗಾದರು.

ಕೇಳಿದವರಲ್ಲಿ ಕೆಲವರು ನಿಲ್ಲಿಸಲೇ ಇಲ್ಲ. ಊಟ ಬಿಟ್ಟು, ಸ್ನಾನ ಬಿಟ್ಟು, ಕಿವಿಯ ಕೆಳಗೇ ಚಾಪೆ ಹಾಸಿಕೊಂಡು ಒಣಗಿದರು. ಅದಕ್ಕೇ ಊರೂರಿನ ಹಿರಿಯರು ಒಂದು ಕಟ್ಟಳೆ ಮಾಡಿದರು: ವರ್ಷ ತುಂಬುವ ತನಕ ಸತ್ತವರ ದನಿ ತೆರೆಯಕೂಡದು. ಎಲ್ಲ ಜಾತಿಯವರೂ ಚಕಾರವೆತ್ತದೆ ಒಪ್ಪಿದ ಕಟ್ಟಳೆ ಇದೊಂದೇ ಇರಬೇಕು. ಸರ್ಕಾರ ಅದನ್ನೇ ಕಾಯ್ದೆ ಮಾಡಿತು. ಸಾವಾದ ಮನೆಯ ಕಿವಿಗೆ ಬಿಳಿ ದಾರ ಸುತ್ತುವುದು, ವರ್ಷದ ಪೂಜೆಯ ದಿನ ದಾರ ಬಿಚ್ಚಿ ಮನೆಮಂದಿ ಕೂತು ಕೇಳುವುದು ರೂಢಿಯಾಯಿತು. ಭಂಡಾರದಲ್ಲಿ ಕೆಲಸ ಮಾಡುವವರೂ ಇದಕ್ಕೆ ಹೊರತಲ್ಲ. ಸೂತಕದ ದನಿ ಕಿವಿಗೆ ಬಿದ್ದರೆ ಒಳ್ಳೆಯದಲ್ಲವೆಂದು ಅಲ್ಲಿನ ಎಂಜಿನಿಯರುಗಳೇ ನಂಬಿದ್ದರು.

ದಾಕ್ಷಾಯಿಣಿ ಆ ಎಂಜಿನಿಯರುಗಳಲ್ಲಿ ಒಬ್ಬಳು.

*

ಅವಳದು ಬ್ಯಾಕಪ್ ವಿಭಾಗ. ಡೇಟಾಬೇಸಿಗೆ ಏನಾದರೂ ಆದರೆ ಮತ್ತೆ ಕಟ್ಟಿಕೊಳ್ಳಲು ಬೇಕಾದ ಪ್ರತಿಯನ್ನು ಗಾಜಿನ ಫಲಕಗಳ ಮೇಲೆ ಬರೆದಿಡುವ ಸಾಫ್ಟ್‌ವೇರನ್ನು ಅವಳು ನೋಡಿಕೊಳ್ಳುತ್ತಿದ್ದಳು. ಬದುಕಿರುವವರ ದನಿ ಡೇಟಾಬೇಸಿನಲ್ಲೂ ಇರುತ್ತದೆ, ಬ್ಯಾಕಪ್ಪಿನಲ್ಲೂ ಇರುತ್ತದೆ. ಸತ್ತವರದನ್ನು ಎಂಟು ದಿನ ಕಳೆದ ಮೇಲೆ ಡೇಟಾಬೇಸಿನಿಂದ ಅಳಿಸುತ್ತಾರೆ. ಆಮೇಲೆ ಇರುವುದೆಲ್ಲ ಬ್ಯಾಕಪ್ಪಿನ ಫಲಕದಲ್ಲಿ ಮಾತ್ರ.

ಹೋದ ವರ್ಷ ಆ ಫಲಕಗಳು ಹೊರದೇಶದಿಂದ ಬರುವುದು ನಿಂತಿತು. ಭಂಡಾರದ ನಿರ್ದೇಶಕ ರಂಗಧಾಮಯ್ಯ ಅವಳನ್ನು ಕರೆಸಿ ಕೂರಿಸಿಕೊಂಡರು.

“ನಲವತ್ತು ದಿನಕ್ಕೆ ಬೆಟ್ಟ ತುಂಬೋಗುತ್ತೆ ದಾಕ್ಷಾಯಿಣಿ. ಆಮೇಲೆ ಸತ್ತೋರಿಗೆ ಜಾಗ ಇಲ್ಲ. ಬ್ಯಾಕಪ್ ಬರೆಯೋಕ್ ಮುಂಚೆ ಏನಾದ್ರೂ ಮಾಡಿ ಅದನ್ನ ಹಿಂಡಿ ಹತ್ತರಲ್ಲೊಂದು ಪಾಲು ಮಾಡ್ಬೇಕಮ್ಮ.”

ಆ ಸಾಫ್ಟ್‌ವೇರಿನಲ್ಲಿ ಹಿಂಡುವುದಕ್ಕೆಂದೇ ಕಂಪ್ರೆಶನ್ ಎಂಬ ಗುಂಡಿ ಮೊದಲಿನಿಂದಲೂ ಇತ್ತು. ಒತ್ತಿದರೆ ಏನೂ ಆಗುತ್ತಿರಲಿಲ್ಲ. ಯಾವ ಕಾಲದಲ್ಲೋ ಯಾರೋ ಮುಂದೆ ಮಾಡೋಣ ಎಂದು ಇಟ್ಟು ಮರೆತದ್ದು. ಆ ಗುಂಡಿಗೆ ಜೀವ ತುಂಬಲು ದಾಕ್ಷಾಯಿಣಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಲಕ್ಷಾಂತರ ಮನೆಗಳ ಮಾತನ್ನು ಅಳೆದು ನೋಡಿದಾಗ ಅವಳಿಗೆ ತಿಳಿದದ್ದು, ಮನುಷ್ಯರು ಮನೆಯಲ್ಲಿ ಹೊಸದೇನನ್ನೂ ಹೇಳುವುದಿಲ್ಲ ಎಂಬುದು. ಊಟಕ್ಕೆ ಬನ್ನಿ. ಗ್ಯಾಸ್ ಆಫ್ ಮಾಡ್ದಾ? ಯಾರು ಬಂದಿದ್ದು? ಹೋಗಿ ಬರ್ತೀನಿ. ಹತ್ತರಲ್ಲಿ ಎಂಟು ಮಾತು ಇಂಥವೇ, ಎಲ್ಲ ಮನೆಯಲ್ಲೂ ಇವೇ.

ಹಾಗಾಗಿ ಒಂದೊಂದು ಮಾತಿಗೂ ಒಂದೊಂದು ಅಚ್ಚು ಮಾಡಿದಳು. ನಲವತ್ತು ಸಾವಿರ ಜನ ಹೇಳಿದ ‘ಹೋಗಿ ಬರ್ತೀನಿ’ಗಳನ್ನು ಕೂಡಿಸಿ ಸರಾಸರಿ ತೆಗೆದರೆ ಒಂದು ಅಚ್ಚು. ಗಂಡಸರಿಗೆ ಒಂದು, ಹೆಂಗಸರಿಗೆ ಒಂದು. ಇನ್ನು ಮುಂದೆ ಯಾರೇ ‘ಹೋಗಿ ಬರ್ತೀನಿ’ ಎಂದರೂ ಅದನ್ನು ಪೂರ್ತಿ ಬರೆಯಬೇಕಾಗಿಲ್ಲ. ಅಚ್ಚಿನ ನಂಬರು ಬರೆದು, ಆ ಅಚ್ಚಿಗೂ ಈ ಮನುಷ್ಯನ ದನಿಗೂ ಇರುವ ವ್ಯತ್ಯಾಸವನ್ನು ಮಾತ್ರ ಬರೆದರೆ ಸಾಕು. ಆ ವ್ಯತ್ಯಾಸಕ್ಕೆ ಅವಳು ‘ಉಳಿಕೆ’ ಎಂದು ಹೆಸರಿಟ್ಟಳು. ಅಚ್ಚಿಗೆ ಉಳಿಕೆ ಸೇರಿಸಿದರೆ ಮೂಲ ದನಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಮರಳಿ ಬರುತ್ತದೆ. ಮೊದಲ ಅಕ್ಷರ ಕೇಳುತ್ತಲೇ ಮುಂದಿನ ಮಾತು ಯಾವ ಅಚ್ಚಿನದೆಂದು ಊಹಿಸುವ ಭಾಗವನ್ನಂತೂ ಒಂದೇ ಮಧ್ಯಾಹ್ನದಲ್ಲಿ ಬರೆದು ಮುಗಿಸಿದಳು. ಆ ಅಭ್ಯಾಸ ಅವಳಿಗೆ ಮನೆಯಲ್ಲೇ ಆಗಿತ್ತಲ್ಲ.

ತೊಂದರೆಯೆಂದರೆ, ಉಳಿಕೆಯೇ ಮುಕ್ಕಾಲು ಪಾಲು ಜಾಗ ತಿನ್ನುತ್ತಿತ್ತು. ಅದನ್ನು ನೋಡಿ ರಂಗಧಾಮಯ್ಯ, “ಮಾತು ಅರ್ಥ ಆಗುತ್ತಲ್ಲಮ್ಮ? ಸಣ್ಣಪುಟ್ಟ ಉಳಿಕೆ ಬಿಟ್ಬಿಡು,” ಎಂದರು. ದಾಕ್ಷಾಯಿಣಿ ಒಂದು ಮಿತಿ ಹಾಕಿದಳು. ಮಿತಿಗಿಂತ ಚಿಕ್ಕ ಉಳಿಕೆಯನ್ನು ಬರೆಯುವುದಿಲ್ಲ. ಬೆಟ್ಟದಲ್ಲಿ ಜಾಗ ಕಡಿಮೆಯಾದ ಹಾಗೆಲ್ಲ ಆ ಮಿತಿ ತಾನಾಗಿಯೇ ಏರುವಂತೆ ಇನ್ನೊಂದು ಸಾಲು ಸೇರಿಸಿದಳು. ಎಲ್ಲಿಯ ತನಕ ಏರಬಹುದು ಎಂದು ಬರೆಯಲಿಲ್ಲ. ಆಗ ಅದು ಹೊಳೆಯಲಿಲ್ಲ ಅಷ್ಟೆ. ಬದುಕಿರುವವರ ದನಿ ಯಾವಾಗ ಬೇಕಾದರೂ ಬೇಕಾಗುತ್ತದೆ, ಅದಕ್ಕೆ ಈ ವಿಧಾನ ಬೇಡ. ಸತ್ತವರದು ಹೇಗೂ ವರ್ಷದ ತನಕ ಯಾರೂ ಕೇಳುವುದಿಲ್ಲ, ಅದನ್ನು ಹಿಂಡಿ ಬರೆದು ಹಳೆಯ ಪ್ರತಿ ಅಳಿಸಿದರೆ ಸಾಕು ಎಂದು ಇಬ್ಬರೂ ತೀರ್ಮಾನಿಸಿ ಸಹಿ ಹಾಕಿದರು.

ಪರೀಕ್ಷೆ ಮಾಡಲಿಲ್ಲವೆಂದಲ್ಲ. ಆಫೀಸಿನವರ ದನಿಯನ್ನೇ ಹಿಂಡಿ, ಬಿಚ್ಚಿ ಕೇಳಿದರು. ಪರೀಕ್ಷೆಯ ಫಲಕದಲ್ಲಿ ಬೇಕಾದಷ್ಟು ಜಾಗವಿತ್ತು, ಮಿತಿ ಕೆಳಗೇ ಇತ್ತು, ಎಲ್ಲರ ದನಿಯೂ ಕೆಮ್ಮು ಸಮೇತ ಹಾಗೇ ಮರಳಿ ಬಂತು. ಅಸಲಿ ಕೆಲಸ ಶುರುವಾದಾಗ ಬೆಟ್ಟ ಕಂಠಮಟ್ಟ ತುಂಬಿತ್ತು. ಸತ್ತವರ ದನಿ ಫಲಕಕ್ಕೆ ಬಿದ್ದ ಮೇಲೆ ಬಿಚ್ಚಿ ಕೇಳಲು ಕಟ್ಟಳೆ ಬಿಡದು. ಕಂಪ್ಯೂಟರೇ ಬಿಚ್ಚಿ, ಪ್ರತಿ ಮಾತೂ ತಾನು ಊಹಿಸಿದ ಅಚ್ಚಿಗೆ ಹೊಂದುತ್ತದೆಯೇ ಎಂದು ತಾಳೆ ನೋಡಿ, ‘ಪರಿಶೀಲನೆ ಸರಿ’ ಎಂದು ಬರೆಯುತ್ತಿತ್ತು. ಮಾತು ಅಚ್ಚಿಗೆ ಹೊಂದಿಯೇ ಹೊಂದುತ್ತಿತ್ತು. ದನಿ ಯಾರದೆಂದು ನೋಡು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಹೊಸ ವಿಧಾನ ಶುರುವಾಗಿ ಮೂರು ವಾರಕ್ಕೆ ಮರುಳಸಿದ್ಧ ತೀರಿಕೊಂಡ. ಅವನ ಹೆಸರಿನ ಮುಂದೆ ‘ಪರಿಶೀಲನೆ ಸರಿ’ ಎಂದು ಬಂದ ದಿನ ದಾಕ್ಷಾಯಿಣಿ ಅದನ್ನು ನೋಡಿ ಕಣ್ಣೊರೆಸಿಕೊಂಡಿದ್ದಳು. ಮನೆಗೆ ಬಂದು, “ಜೋಪಾನವಾಗಿದೆ ಅತ್ತೆ, ನಾನೇ ನೋಡಿದೆ,” ಎಂದೂ ಹೇಳಿದ್ದಳು.

*

ಹೊಸ ವಿಧಾನದ ಮೊದಲ ದನಿಗಳಿಗೆ ವರ್ಷ ತುಂಬಿದ ವಾರ, ಬೆಳಗ್ಗೆ ಹತ್ತರ ಹೊತ್ತಿಗೆ ಹನುಮಂತರಾಯಪ್ಪ ಎಂಬೊಬ್ಬ ನಿವೃತ್ತ ಬಸ್ ಡ್ರೈವರು ಭಂಡಾರಕ್ಕೆ ಬಂದ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರಲ್ಲಿ ಹೆಂಡತಿಯ ಫೋಟೋ. ಫೋಟೋ ಇಲ್ಲಿ ಯಾರಿಗೂ ಬೇಕಾಗಿರಲಿಲ್ಲ, ಆದರೂ ತಂದಿದ್ದ.

“ತಾಯೀ, ನಿನ್ನೆ ನಮ್ಮನೇಲಿ ದಾರ ಬಿಚ್ಚಿದ್ವಿ. ಇದು ನಮ್ಮ ಲಕ್ಕಮ್ಮನ ದನಿ ಅಲ್ಲ ಕಣಮ್ಮ,” ಎಂದ. “ಮಾತೆಲ್ಲಾ ಅವಳವೇಯ. ಊಟಕ್ ಬನ್ನಿ ಅಂತಾಳೆ, ಲೈಟ್ ಆರ್ಸಿ ಅಂತಾಳೆ. ಯಾರೋ ಬೇರೆ ಹೆಂಗ್ಸು ನಮ್ಮನೇಗ್ ಬಂದು ನಿಂತ್ಕಂಡು ಹೇಳ್ದಂಗೈತೆ.”

“ಒಂದು ವರ್ಷ ಆದ್ಮೇಲೆ ಕೇಳಿದ್ರೆ ಕೆಲವರಿಗೆ ಹಾಗನ್ನಿಸುತ್ತೆ,” ಎಂದಳು ದಾಕ್ಷಾಯಿಣಿ. ಅವಳು ಸುಳ್ಳು ಹೇಳುತ್ತಿರಲಿಲ್ಲ, ಅಲ್ಲಿ ಎಲ್ಲರೂ ಹೇಳುವ ಮಾತು ಅದು.

“ಇಲ್ಲಮ್ಮ. ಅವಳಿಗೆ ಉಬ್ಬಸ ಇತ್ತು. ಒಂದೊಂದ್ ಮಾತ್ಗೂ ಮುಂಚೆ ಸುಯ್ ಅಂತ ಉಸಿರು ಎಳ್ಕಣಾಳು. ಮೂವತ್ತೆಂಟು ವರ್ಷ ಅದನ್ನೇ ಕೇಳ್ಕಂಡು ಮಲಗಿದೀನಿ. ಅದೇ ಇಲ್ವಲ್ಲ ಇದ್ರಾಗೆ?”

ದಾಕ್ಷಾಯಿಣಿ ಅವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಹೆಡ್‌ಫೋನ್ ಹಾಕಿಕೊಂಡು ಲಕ್ಕಮ್ಮನ ಕಡತ ಬಿಚ್ಚಿದಳು. ‘ಊಟಕ್ಕೆ ಬನ್ನಿ.’ ನುಣ್ಣನೆಯ, ಸ್ವಚ್ಛವಾದ ಹೆಣ್ಣು ದನಿ. ಯಾವುದಕ್ಕೂ ಇರಲಿ ಎಂದು ಅದೇ ವಾರ ವರ್ಷ ತುಂಬಿದ ಪಾವಗಡದ ಒಬ್ಬಳ ಕಡತ ತೆಗೆದಳು. ‘ಊಟಕ್ಕೆ ಬನ್ನಿ.’ ಕೊರಟಗೆರೆಯ ಒಬ್ಬಳದು ತೆಗೆದಳು. ‘ಊಟಕ್ಕೆ ಬನ್ನಿ.’ ಇನ್ನೂ ಎರಡು ಕಡತ ತೆಗೆದಳು. ಐದು ಮನೆ, ಐದು ಹೆಂಗಸರು, ಒಂದೇ ದನಿ.

ಸತ್ತ ಹೆಂಗಸರೆಲ್ಲ ಒಬ್ಬಳೇ ಆಗಿಹೋಗಿದ್ದರು. ಗಂಡಸರು ಒಬ್ಬನೇ ಆಗಿದ್ದರು. ಹೊಸ ವಿಧಾನ ಶುರುವಾದ ಮೂರನೆಯ ದಿನಕ್ಕೇ ಮಿತಿ ಏರಿ ಏರಿ ತುದಿ ಮುಟ್ಟಿತ್ತು, ಆಮೇಲೆ ಯಾರ ಉಳಿಕೆಯನ್ನೂ ಬರೆದಿರಲಿಲ್ಲ. ಉಬ್ಬಸ, ಮೂಗಿನಲ್ಲಿ ಮಾತಾಡುವುದು, ಹಲ್ಲಿಲ್ಲದ ಬಾಯಿಯ ಗಾಳಿ, ಅಳು ಬಂದಾಗ ಒಡೆಯುವ ಗಂಟಲು, ಎಲ್ಲವೂ ಸಣ್ಣಪುಟ್ಟ ಉಳಿಕೆಯ ಲೆಕ್ಕಕ್ಕೆ ಹೋಗಿತ್ತು. ಉಳಿದದ್ದು ಅಚ್ಚಿನ ನಂಬರುಗಳು.

ಮರುಳಸಿದ್ಧನ ಕಡತವನ್ನು ಬಿಚ್ಚುವಂತಿರಲಿಲ್ಲ, ವರ್ಷ ತುಂಬಲು ಇನ್ನೂ ದಿನವಿತ್ತು. ಆದರೆ ಪಟ್ಟಿಯನ್ನು ನೋಡಬಹುದು. ಪಟ್ಟಿಯಲ್ಲಿ ಪ್ರತಿ ಮಾತೂ ಶುರುವಾದ ಹೊತ್ತು, ಮುಗಿದ ಹೊತ್ತು ಹಾಗೇ ಇರುತ್ತದೆ. ಆವತ್ತಿನ ಬೆಳಗ್ಗೆಯ ಕೊನೆಯ ಸಾಲನ್ನು ಹುಡುಕಿದಳು. ಶುರು, ಎಂಟು ಗಂಟೆ ಹದಿನಾಲ್ಕು ನಿಮಿಷ ಆರು ಸೆಕೆಂಡು. ಮುಗಿದದ್ದು, ಎಂಟು ಹದಿನಾಲ್ಕು ಹದಿನೇಳು ಸೆಕೆಂಡು. ಅಚ್ಚು, ನೂರಾ ಹನ್ನೆರಡು: ಹೋಗಿ ಬರ್ತೀನಿ. ಉಳಿಕೆ, ಸೊನ್ನೆ.

ಹೋಗಿ ಬರ್ತೀನಿ ಎನ್ನಲು ಒಂದೂಕಾಲು ಸೆಕೆಂಡು ಸಾಕು. ಅವನು ಹನ್ನೊಂದು ಸೆಕೆಂಡು ಮಾತಾಡಿದ್ದ. ಮೊದಲಕ್ಷರ ಕೇಳಿದ ಕೂಡಲೇ ಅವಳ ಕಂಪ್ಯೂಟರು ಅವನ ಮಾತನ್ನು ತಾನೇ ಮುಗಿಸಿಬಿಟ್ಟಿತ್ತು.

ಅವಳು ಎದ್ದು ಹೊರಗೆ ಬಂದಳು. ಹನುಮಂತರಾಯಪ್ಪ ಬೆಂಚಿನ ಮೇಲೆ ಕವರು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ. ಅವಳ ಮುಖ ನೋಡಿ ಅವನೇ ಸಮಾಧಾನ ಹೇಳಿದ.

“ಪರ್ವಾಗಿಲ್ಲ ತಾಯಿ, ನಿಧಾನಕ್ ಹುಡ್ಕಿ. ಅಷ್ಟೊಂದು ಜನದ್ರಾಗೆ ಎಲ್ಲೋ ಆಚೆ ಈಚೆ ಆಗಿರ್ತೈತೆ. ನಾನು ನಾಳೆ ಬತ್ತೀನಿ.”

ಅವನು ನಾಳೆಯೂ ಬಂದ, ನಾಡಿದ್ದೂ ಬಂದ.

*

ರಂಗಧಾಮಯ್ಯ ಎಲ್ಲವನ್ನೂ ಕೇಳಿಸಿಕೊಂಡು ಮೇಜಿನ ಮೇಲಿನ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅವಳು ಅವರನ್ನು ಬೈದುಕೊಂಡು ಹಗುರಾಗಬಹುದಿತ್ತು.

“ನಮ್ಮಣ್ಣ ಸಂಕ್ರಾಂತಿ ಮುಂದೆ ಹೋದ. ಅವನ್ದೂ?” ಎಂದರು.

“ಎಲ್ಲರದೂ ಸಾರ್. ನಾಲ್ಕು ಲಕ್ಷ ಹದಿನೇಳು ಸಾವಿರ ಜನ.”

“ಎಲ್ಲಾದ್ರೂ ಮೂಲ ಇರುತ್ತಲ್ಲಮ್ಮ? ಮನೆಗಳ ಕಿವಿಯೊಳಗೆ?”

“ಕಿವೀಲಿ ಒಂದು ದಿನದ್ದು ಮಾತ್ರ ಇರುತ್ತೆ ಸಾರ್. ಡೇಟಾಬೇಸಲ್ಲಿದ್ದದ್ದನ್ನ, ಬದುಕಿದ್ದಾಗ ಬರೆದ ಹಳೇ ಬ್ಯಾಕಪ್ಪನ್ನ ಎಂಟು ದಿನಕ್ಕೆ ನಾವೇ ಅಳಿಸಿದ್ವಿ. ಬ್ಯಾಕಪ್ ಸರಿ ಇದೆ ಅಂತ ಬಂದ್ಮೇಲೆ.”

ಅವರು ಎದ್ದು ಕಿಟಕಿಯ ಹತ್ತಿರ ಹೋದರು. ಬೆಟ್ಟದ ಬುಡದಲ್ಲಿ ಕಿಟಕಿಯಿಂದ ಕಾಣುವುದೂ ಬಂಡೆಯೇ. “ಒಂದು ಕೆಲಸ ಮಾಡೋಣ,” ಎಂದರು. “ಮನೆಯವರ ಹತ್ರ ಮೊಬೈಲಲ್ಲಿ ಹಳೇ ವಿಡಿಯೋ ಇರುತ್ತೆ. ಅದ್ರಿಂದ ದನಿಯ ಬಣ್ಣ ತಗೊಂಡು ಅಚ್ಚಿಗೆ ಬಳಿದು ಕೊಡೋಣ. ಅರ್ಧ ಜನಕ್ಕೆ ಗೊತ್ತೇ ಆಗಲ್ಲ.”

ದಾಕ್ಷಾಯಿಣಿ ತನ್ನ ಮನೆಯ ವಿಡಿಯೋಗಳನ್ನು ನೆನೆದಳು. ಮರುಳಸಿದ್ಧ ಯಾವುದರಲ್ಲೂ ಮಾತಾಡಿರಲಿಲ್ಲ. ಮೊಬೈಲು ತನ್ನ ಕಡೆ ತಿರುಗಿದರೆ ಸಾಕು, ಬಾಯಿ ಮುಚ್ಚಿ ನಕ್ಕು ಸುಮ್ಮನಾಗುತ್ತಿದ್ದ. ಮದುವೆಯ ವಿಡಿಯೋದ ಮೂರು ಗಂಟೆಯಲ್ಲಿ ಒಂದು ಮಾತಿಲ್ಲ. ನಿರಾಳವಾಗಿ ಅವನು ಬಾಯಿ ಬಿಡುತ್ತಿದ್ದದ್ದು ಮನೆಯಲ್ಲಿ, ಈ ಕಿವಿಯ ಕೆಳಗೆ, ಹೆಂಡತಿ ತಾಯಿಯ ಮುಂದೆ ಮಾತ್ರ.

“ಅಚ್ಚಿನಲ್ಲಿ ಇಲ್ಲದ ಮಾತಿಗೆ ಎಲ್ಲಿಂದ ಬಣ್ಣ ಬಳಿಯೋದು ಸಾರ್?” ಎಂದಳು. ಅವರಿಗೆ ಅರ್ಥವಾಗಲಿಲ್ಲ, ಅವಳು ಬಿಡಿಸಿ ಹೇಳಲೂ ಇಲ್ಲ.

ಅವತ್ತು ಮಧ್ಯಾಹ್ನವೇ ದಾಕ್ಷಾಯಿಣಿ ಕಂಪ್ರೆಶನ್ ನಿಲ್ಲಿಸಿದಳು. ನಿಲ್ಲಿಸಿದ ಮೇಲೆ ಬೆಟ್ಟದಲ್ಲಿ ಉಳಿದ ಜಾಗ ಒಂಬತ್ತು ದಿನಕ್ಕೆ ಸಾಲುವಷ್ಟು. ಹತ್ತನೆಯ ದಿನ ಸತ್ತವರಿಗೆ ಅಚ್ಚಿನ ದನಿಯೂ ಇಲ್ಲ. ಎರಡು ದಿನ ರಂಗಧಾಮಯ್ಯ ತಲೆಯ ಮೇಲೆ ಕೈಹೊತ್ತು ಕೂತರು. ಮೂರನೆಯ ದಿನ ಅವರೇ ಬಂದು ಗುಂಡಿ ಒತ್ತಿದರು. ಉಳಿಕೆಯಲ್ಲಿ ಕಾಲು ಭಾಗವನ್ನಾದರೂ ಬರೆಯಬೇಕೆಂದು ಮಿತಿಗೊಂದು ತಡೆ ಹಾಕಿದರು. ಕಾಲು ಭಾಗದ ಗಂಡ, ಕಾಲು ಭಾಗದ ತಾಯಿ. ದಾಕ್ಷಾಯಿಣಿಗೆ ಯಾವುದು ಸರಿಯೆಂದು ನಿಜವಾಗಿಯೂ ತಿಳಿಯಲಿಲ್ಲ.

ಆ ಮೂರು ವಾರ ಭಂಡಾರದ ಬಾಗಿಲಲ್ಲಿ ಜನ ಹೆಚ್ಚುತ್ತಲೇ ಹೋದರು. ಎಲ್ಲರೂ ಹೇಳಿದ್ದು ಒಂದೇ: ಅದಲುಬದಲಾಗಿದೆ, ನಮ್ಮದು ಹುಡುಕಿಕೊಡಿ. ಅದಲುಬದಲು ಎಂದರೆ ಎಲ್ಲೋ ಇದೆ ಎಂದಾಯಿತಲ್ಲ. ಅಷ್ಟು ಆಸೆ ಅವರಿಗಿತ್ತು. ದಾಕ್ಷಾಯಿಣಿಗೆ ಅದೂ ಇರಲಿಲ್ಲ.

*

ಮನೆಯಲ್ಲಿ ಸಿದ್ದಗಂಗಮ್ಮ ವರ್ಷದ ಪೂಜೆಗೆ ದಿನ ಎಣಿಸುತ್ತಿದ್ದಳು. ಮಗನಿಗೆ ಇಷ್ಟವೆಂದು ಹುರಿಗಡಲೆ ಉಂಡೆ ಕಟ್ಟಿಟ್ಟಳು. ಸೊಸೆ ಆಫೀಸಿನಿಂದ ಬಂದು ಕೂತರೆ ಪಕ್ಕದಲ್ಲಿ ಬಂದು ಕೂರುತ್ತಿದ್ದಳು.

“ಚಿಕ್ಕೋನಿದ್ದಾಗ ಬಜೆ ಬೇರು ತೇಯ್ದು ಜೇನಾಗೆ ನೆಕ್ಸಿದ್ದೇ ನೆಕ್ಸಿದ್ದು. ಡಾಕ್ಟ್ರು ಆಯ್ತು, ಹರ್ಕೆ ಆಯ್ತು. ತೊದಲು ಹೋಗ್ಲಿ ಅಂತ ಎಷ್ಟ್ ದೇವ್ರ ಹತ್ರ ಬೇಡ್ಕಂಡಿದ್ನೋ ಆ ದೇವ್ರಿಗೇ ಗೊತ್ತು,” ಎಂದಳು ಒಂದು ಸಂಜೆ. “ಈಗ ಆ ತೊದಲೇ ಕೇಳಿದ್ರೆ ಸಾಕಾಗೈತೆ.”

ದಾಕ್ಷಾಯಿಣಿ ಆಗಲೇ ಹೇಳಿಬಿಡಬೇಕೆಂದು ಬಾಯಿ ತೆರೆದಳು. “ಅತ್ತೆ, ಆವತ್ತು ಅವರು ಅಂದಿದ್ದು ಏನು ಅಂತ ತಿಳೀದೇ ಹೋದ್ರೆ...”

“ಯಾಕ್ ತಿಳಿಯಲ್ಲ? ಜೋಪಾನವಾಗೈತೆ ಅಂತ ನೀನೇ ಹೇಳಿದ್ಯಲ್ಲ.” ಮುದುಕಿ ಸೊಸೆಯ ಕೈ ಹುಡುಕಿ ಹಿಡಿದುಕೊಂಡಳು. “ಎದೆ ನೋವು ಅಂದಿದ್ರೆ ಏನ್ ಮಾಡೋದು ಅಂತ ಭಯ ನಿಂಗೆ. ನಂಗೂ ಐತೆ ಕಣವ್ವ. ಅಂಗಂದಿದ್ರೆ ಅದ್ನ ಕೇಳ್ಕಂಡೇ ಸಾಯ್ತೀನಿ. ಏನಂದ ಅಂತ ತಿಳ್ಕಳ್ದೆ ಮಾತ್ರ ಸಾಯಕ್ಕಾಗಲ್ಲ ನನ್ ಕೈಲಿ.”

ದಾಕ್ಷಾಯಿಣಿ ಕಾಫಿ ಮಾಡುತ್ತೇನೆಂದು ಎದ್ದು ಒಳಗೆ ಹೋದಳು. ಇನ್ನೊಂದು ದಿನ ಹೇಳಲು ಹೋದಾಗ ನೆಂಟರ ಫೋನು ಬಂತು. ಮತ್ತೊಂದು ದಿನ ಏನೂ ಅಡ್ಡ ಬರಲಿಲ್ಲ, ಆದರೂ ಹೇಳಲಿಲ್ಲ. ನಾಲ್ಕು ಲಕ್ಷ ಮನೆಗಳನ್ನು ಹಾಳು ಮಾಡಿದವಳಿಗೆ ಒಂದು ಮನೆಯಲ್ಲಿ ಬಾಯಿ ಬಿಡುವ ಧೈರ್ಯ ಬರಲಿಲ್ಲ.

*

ಪೂಜೆಗೆ ಹೆಚ್ಚು ಜನರನ್ನು ಕರೆಯುವುದು ಬೇಡವೆಂದು ಸಿದ್ದಗಂಗಮ್ಮನೇ ಹೇಳಿದ್ದಳು. ಬೆಳಗ್ಗೆ ಜಂಗಮರು ಬಂದು ಪೂಜೆ ಮುಗಿಸಿ ಊಟ ಮಾಡಿ ಹೋದ ಮೇಲೆ ಅತ್ತೆ ಸೊಸೆ ಇಬ್ಬರೇ ಉಳಿದರು. ಮುದುಕಿ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಗೋಡೆಗೆ ಒರಗಿ ಕೂತಳು. ದಾಕ್ಷಾಯಿಣಿ ಸ್ಟೂಲು ಹತ್ತಿ ದಾರ ಬಿಚ್ಚಿದಳು. ವರ್ಷದ ಧೂಳು ಹಿಡಿದು ಬಿಳಿ ದಾರ ಕಪ್ಪಗಾಗಿತ್ತು.

“ಮೊದ್ಲಿಂದ ಬ್ಯಾಡ. ಕೊನೇ ದಿನದ್ದೇ ಹಾಕು,” ಎಂದಳು ಸಿದ್ದಗಂಗಮ್ಮ.

ದಾಕ್ಷಾಯಿಣಿ ಗುಂಡಿ ಒತ್ತಿದಳು. ಮೊದಲು ಕೇಳಿದ್ದು ಅವಳದೇ ದನಿ, ತಿಂಡಿ ಆಯ್ತು ಬನ್ನಿ ಎಂದದ್ದು. ಅವಳು ಬದುಕಿದ್ದಳಲ್ಲ, ಹಾಗಾಗಿ ಅವಳದು ಇದ್ದದ್ದು ಇದ್ದ ಹಾಗೆ ಬಂತು, ಆತುರ, ಸಿಡುಕು ಎಲ್ಲ ಸಮೇತ. ಆಮೇಲೆ ಒಂದು ಗಂಡು ದನಿ, ನುಣ್ಣಗೆ, ಎಲ್ಲೂ ತಡವರಿಸದೆ, ಬಸ್ ನಿಲ್ದಾಣದ ಮೈಕಿನಲ್ಲಿ ಹೇಳಿದ ಹಾಗೆ ಹೇಳಿತು.

“ಹೋಗಿ ಬರ್ತೀನಿ.”

ಅದರ ಮೇಲೇ ಅವಳ ದನಿ: “ಹೂಂ, ಹೋಗ್ಬನ್ನಿ ಹೋಗ್ಬನ್ನಿ, ಬಸ್ಸು ಬಂತು.” ಆಮೇಲೆ ಏನೂ ಇಲ್ಲ.

ಸಿದ್ದಗಂಗಮ್ಮ ತಲೆ ಒಂದು ಕಡೆ ವಾಲಿಸಿ ಕಾದಳು. ಇನ್ನೂ ಬರುತ್ತದೆಂದು ಕಾದಳು. ಕೊನೆಗೆ, “ಮಿಕ್ಸಿ ಸದ್ದೇ ಇಲ್ಲ,” ಎಂದಳು. ಮಿಕ್ಸಿಯ ಸದ್ದು ಯಾರ ದನಿಯೂ ಅಲ್ಲ. ಅದನ್ನು ಎಲ್ಲಕ್ಕಿಂತ ಮೊದಲು ಬಿಟ್ಟಿದ್ದರು.

“ಇನ್ನೊಂದ್ ಸಲ ಹಾಕು.”

ದಾಕ್ಷಾಯಿಣಿ ಹಾಕಿದಳು. ಮುದುಕಿಯ ಮುಖದಲ್ಲಿ ಸಿಟ್ಟಾಗಲಿ ಅಳುವಾಗಲಿ ಬರಲಿಲ್ಲ. ಮನೆ ತಪ್ಪಿ ಬಂದ ಅಪರಿಚಿತನನ್ನು ವಿಚಾರಿಸುವ ಹಾಗೆ ಹುಬ್ಬು ಗಂಟಿಕ್ಕಿದಳು, ಅಷ್ಟೆ.

“ಇವನ್ಯಾರೋ ಬೇರೆ ಕಣವ್ವ. ನಿಮ್ಮೋರು ತಪ್ಪಿ ಕಳ್ಸವ್ರೆ,” ಎಂದಳು. “ಇವನ್ನ ವಾಪಸ್ ಕೊಟ್ಬಿಡು. ಪಾಪ, ಇವನ ತಾಯಿ ಎಲ್ಲಿ ಕಾಯ್ತಾ ಕುಂತವಳೋ.”

“ಇವನಿಗೆ ತಾಯಿ ಇಲ್ಲ ಅತ್ತೆ.”

ಆಮೇಲೆ ದಾಕ್ಷಾಯಿಣಿ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಜಾಗ ಮುಗಿದದ್ದು, ಅಚ್ಚು ಮಾಡಿದ್ದು, ಉಳಿಕೆ ಬಿಟ್ಟದ್ದು, ಮಿತಿಗೆ ಕೊನೆ ಹಾಕದೆ ಹೋದದ್ದು. ಮಾಡಿದ್ದು ತಾನೇ ಎಂದಳು. ಅಚ್ಚಿನೊಳಗಿರುವುದು ನಲವತ್ತು ಸಾವಿರ ಗಂಡಸರ ದನಿ, ಯಾರದೆಂದು ಹೇಳುವಂತಿಲ್ಲ ಎಂದಳು. ಅವನ ಮಾತನ್ನು ಬದುಕಿದ್ದಾಗಲೂ ತಾನೇ ಮುಗಿಸಿದೆ, ಸತ್ತ ಮೇಲೂ ತಾನೇ ಮುಗಿಸಿದೆ ಎಂದಳು. ಅತ್ತೆ ಬೈಯಬಹುದು, ಹೊಡೆಯಲೂಬಹುದು ಎಂದುಕೊಂಡಿದ್ದಳು ದಾಕ್ಷಾಯಿಣಿ. ಹಾಗೆ ಆಗಿದ್ದರೆ ಎಷ್ಟೋ ಮೇಲಿತ್ತು.

“ಹಂಗಾರೆ ಅವನು ಏನಂದ ಅಂತ ಇನ್ ಯಾವತ್ತೂ ತಿಳಿಯಲ್ಲ,” ಎಂದಳು ಸಿದ್ದಗಂಗಮ್ಮ.

“ಇಲ್ಲ ಅತ್ತೆ.”

“ಏನೂ ಉಳ್ದಿಲ್ವಾ?”

“ಎಷ್ಟು ಹೊತ್ತು ಮಾತಾಡಿದ್ರು ಅಂತ ಇದೆ. ಹನ್ನೊಂದು ಸೆಕೆಂಡು.”

ಮುದುಕಿಗೆ ಸೆಕೆಂಡಿನ ಅಂದಾಜು ಇರಲಿಲ್ಲ. ಗಡಿಯಾರ ಕಾಣದೆ ಎಷ್ಟೋ ವರ್ಷವಾಗಿತ್ತು. “ಹನ್ನೊಂದು ಅಂದ್ರೆ ಎಷ್ಟೊತ್ತಾಯ್ತು? ಎಣ್ಸು ನೋಡಾನ,” ಎಂದಳು.

ದಾಕ್ಷಾಯಿಣಿ ಗೋಡೆಯ ಗಡಿಯಾರ ನೋಡುತ್ತ ಎಣಿಸಿದಳು. ಒಂದು. ಎರಡು. ಮೂರು. ನಾಲ್ಕಕ್ಕೆ ಬರುವ ಹೊತ್ತಿಗೆ ಅದು ಎಷ್ಟು ದೊಡ್ಡದೆಂದು ಅವಳಿಗೆ ತಿಳಿಯತೊಡಗಿತು. ಐದು. ಆರು. ಬಚ್ಚಲಿನಿಂದ ಬಾಗಿಲಿಗೆ ಬರಲು ಇಷ್ಟು ಹೊತ್ತು ಬೇಕಾಗಿರಲಿಲ್ಲ. ಏಳು. ಎಂಟು. ಮಿಕ್ಸಿ ಆರಿಸಿ ಏನಪ್ಪಾ ಎನ್ನಲೂ ಬೇಕಾಗಿರಲಿಲ್ಲ. ಒಂಬತ್ತು. ಹತ್ತು. ಸಿದ್ದಗಂಗಮ್ಮ ಕಾಣದ ಕಣ್ಣನ್ನು ಬಾಗಿಲ ಕಡೆ ತಿರುಗಿಸಿ ಕೂತಿದ್ದಳು. ಹನ್ನೊಂದು.

“ಅಷ್ಟೊತ್ತು ನಿಂತಿದ್ನಾ?” ಎಂದಳು ಮುದುಕಿ.

ದಾಕ್ಷಾಯಿಣಿ ಹೌದೆಂದು ಹೇಳಬೇಕಾಗಿತ್ತು. ಗಂಟಲಿನಿಂದ ‘ಹೌ’ ಎಂದಷ್ಟೇ ಬಂತು, ಮುಂದಿನದು ಬರಲಿಲ್ಲ. ಅತ್ತೆ ಅದನ್ನು ಮುಗಿಸಿಕೊಡಲಿಲ್ಲ. ಕಿವಿಗೊಟ್ಟು ಕಾಯುತ್ತ ಕೂತಳು.